‘ನೋಟೆಡ್ ಸರ್’: ಒಂದು ತಾಲ್ಲೂಕಿನ ಸಮನ್ವಯ ಶಿಕ್ಷಣ ಸಿಬ್ಬಂದಿಗೆ ಮಾಹಿತಿ ಮುಟ್ಟಿಸಲು ಹೊರಟ ಪ್ರಕರಣ

ಇದು ಉತ್ತರ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಎರಡು ಶೈಕ್ಷಣಿಕ ವರ್ಷಗಳ ಅವಧಿಯಲ್ಲಿ ನಡೆದದ್ದು. ತಾಲ್ಲೂಕು, ಶಾಲೆ, ಮಕ್ಕಳು, ಸಿಬ್ಬಂದಿ ಯಾರ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಓದಿದವರಿಗೆ ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆ ಅವಧಿಯಲ್ಲಿ ನಾನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಿಂದ ಆ ತಾಲ್ಲೂಕಿಗೆ ನೋಡಲ್ ಉಪನ್ಯಾಸಕನಾಗಿದ್ದೆ. ಆದ್ದರಿಂದ ಮುಂದೆ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ, ಅದನ್ನು ಆಯಾ ಜಾಗದಲ್ಲಿಯೇ ಹೇಳಿದ್ದೇನೆ.

ಹಿನ್ನೆಲೆ

ಸಾಮಾನ್ಯ ಶಾಲೆಗಳಲ್ಲಿ ಓದುವ ವಿಶೇಷ ಅಗತ್ಯವುಳ್ಳ ಮಕ್ಕಳ ಹೊಣೆಯನ್ನು ತಾಲ್ಲೂಕು ಮಟ್ಟದಲ್ಲಿ ಹೊರುವವರು ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಕಚೇರಿಯ ಮಾತಿನಲ್ಲಿ ಇವರು ಬಿಐಇಆರ್‌ಟಿಗಳು. ಇವರ ಕುರ್ಚಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿದ್ದರೂ ಇವರ ಕೆಲಸವಿರುವುದು ಊರೂರು ತಿರುಗುವುದರಲ್ಲಿ: ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಗೇ ಹೋಗಿ ಗೃಹಾಧಾರಿತ ಶಿಕ್ಷಣ ಕೊಡುವುದು, ವೈದ್ಯಕೀಯ ಮೌಲ್ಯಾಂಕನ ಶಿಬಿರಕ್ಕೆ ಮಕ್ಕಳನ್ನು ಕರೆತರುವುದು, ಸಾಧನ ಸಲಕರಣೆ ಬಂದಾಗ ಹಂಚುವುದು, ಸಾರಿಗೆ ಭತ್ಯೆ ಮತ್ತು ಬೆಂಗಾವಲು ಭತ್ಯೆಗೆ (ಮಗುವಿನ ಜೊತೆ ಶಾಲೆಗೆ ಬರುವವರಿಗಾಗಿ ಕೊಡುವುದು) ಪಟ್ಟಿ ಮಾಡುವುದು, ಪರೀಕ್ಷಾ ರಿಯಾಯಿತಿಗೆ ದಾಖಲೆ ಹೊಂದಿಸಿಕೊಡುವುದು, ನಡುವೆ ಸಮಯ ಸಿಕ್ಕರೆ ಪಾಠ ಮಾಡುವುದು. ನಾನು ಹೇಳುತ್ತಿರುವ ತಾಲ್ಲೂಕಿನಲ್ಲಿ ಇಂಥ ಮೂರು ಹುದ್ದೆಗಳಿದ್ದವು. ಪ್ರೌಢಶಾಲಾ ವಿಭಾಗದ ಹುದ್ದೆ ಖಾಲಿಯಿತ್ತು. ಪ್ರಾಥಮಿಕ ವಿಭಾಗದ ಇಬ್ಬರು ಶಿಕ್ಷಕಿಯರಲ್ಲಿ ಹಿರಿಯರಿಗೆ ಅದರ ಪ್ರಭಾರ ಕೊಡಲಾಗಿತ್ತು. ಪ್ರಭಾರ ಎಂದರೆ ಏನೆಂದು ಸರ್ಕಾರಿ ಕೆಲಸದಲ್ಲಿರುವವರಿಗೆ ವಿವರಿಸಬೇಕಾಗಿಲ್ಲ.

ಈ ಸಿಬ್ಬಂದಿಗೆ ಮಾಹಿತಿ ಬರುವ ದಾರಿ ಒಂದಲ್ಲ. ಶ್ರವಣ ಸಾಧನ, ಗಾಲಿಕುರ್ಚಿ, ಮೂರು ಚಕ್ರದ ಸೈಕಲ್ಲುಗಳು ಇಂಥ ಸಾಧನಗಳನ್ನು ತಯಾರಿಸುವ, ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಅಲಿಂಕೊ ಸಂಸ್ಥೆಯ ಜೊತೆ ನಡೆಸುವ ಶಿಬಿರದ ಮೂಲಕ ಬರುತ್ತವೆ. ಭತ್ಯೆ ಮತ್ತು ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳಿಗೆ ಕೊಡುವ ಶಿಷ್ಯವೇತನ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಿಂದ ಬರುತ್ತವೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ದಾರಿ ಜಿಲ್ಲಾ ಆಸ್ಪತ್ರೆಯ ಕಡೆಗೆ ಹೋಗುತ್ತದೆ. ಅದಕ್ಕೆ ನೆರವಾಗುವವರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಡಿ ತಾಲ್ಲೂಕಿನಲ್ಲಿರುವ ಎಂಆರ್‌ಡಬ್ಲ್ಯು ಮತ್ತು ಗ್ರಾಮ ಪಂಚಾಯಿತಿಯಲ್ಲಿರುವ ವಿಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು. ಎಸ್‌ಎಸ್‌ಎಲ್‌ಸಿ ರಿಯಾಯಿತಿಯ ಸುತ್ತೋಲೆ ಪರೀಕ್ಷಾ ಮಂಡಳಿಯಿಂದ ನೇರವಾಗಿ ಪ್ರೌಢಶಾಲೆಗಳಿಗೆ ಹೋಗುತ್ತದೆ. ಪ್ರತಿಯೊಂದಕ್ಕೂ ಅದರದೇ ಕೊನೆಯ ದಿನಾಂಕ, ಅದರದೇ ನಮೂನೆ, ಅದರದೇ ಜಾಲತಾಣವಿದೆ. ಇವೆಲ್ಲವೂ ಒಂದೇ ಮಗುವಿಗೆ ಸೇರಿದವು ಎಂಬುದು ಯಾವ ಸುತ್ತೋಲೆಯಲ್ಲಿಯೂ ಕಾಣುವುದಿಲ್ಲ.

ಇದಕ್ಕೊಂದು ಹಳೆಯ ಕಾರಣವೂ ಸೇರಿಕೊಂಡಿತ್ತು. 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕರ ಶಿಕ್ಷಣದ ಯೋಜನೆ ಸೇರಿ ಸಮಗ್ರ ಶಿಕ್ಷಣವಾಗುವ ಮೊದಲು, ಎಂಟನೆಯ ತರಗತಿಯವರೆಗಿನ ಮಕ್ಕಳು ಒಂದು ಯೋಜನೆಗೂ ಅದರ ಮೇಲಿನವರು ಇನ್ನೊಂದಕ್ಕೂ ಸೇರಿದ್ದರು. ಯೋಜನೆಗಳು ಒಂದಾದ ಮೇಲೂ ಸಿಬ್ಬಂದಿಯ ಮನಸ್ಸಿನಲ್ಲಿ ಆ ಗೆರೆ ಅಳಿಸಿರಲಿಲ್ಲ. ಮಗು ಒಂಬತ್ತನೆಯ ತರಗತಿಗೆ ಕಾಲಿಟ್ಟ ಕೂಡಲೇ ಪ್ರಾಥಮಿಕದವರು ‘ಇನ್ನು ಹೈಸ್ಕೂಲಿನವರು ನೋಡಿಕೊಳ್ಳುತ್ತಾರೆ’ ಎಂದುಕೊಳ್ಳುತ್ತಿದ್ದರು. ಹೈಸ್ಕೂಲಿನವರು ‘ಬಿಆರ್‌ಸಿಯವರಿದ್ದಾರಲ್ಲ’ ಎಂದುಕೊಳ್ಳುತ್ತಿದ್ದರು.

ಸಮಸ್ಯೆ ಬೆಳಕಿಗೆ ಬಂದ ಬಗೆ

ಹತ್ತನೆಯ ತರಗತಿಯ ಒಬ್ಬ ಹುಡುಗಿಗೆ ಅಲ್ಪದೃಷ್ಟಿ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದಳು. ನಾಲ್ಕನೆಯ ತರಗತಿಯಿಂದಲೂ ಸಂಪನ್ಮೂಲ ಶಿಕ್ಷಕಿಯ ಪಟ್ಟಿಯಲ್ಲಿದ್ದಳು. ಯುಡಿಐಡಿ ಕಾರ್ಡು ಮನೆಯ ಟ್ರಂಕಿನಲ್ಲಿ ಭದ್ರವಾಗಿತ್ತು. ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳ ಗಣಿತದ ಉತ್ತರ ಪತ್ರಿಕೆ ಅರ್ಧಕ್ಕೆ ನಿಂತಿತ್ತು. ಬರೆದಷ್ಟು ಸರಿಯಿತ್ತು, ಸಮಯ ಸಾಲಲಿಲ್ಲ. ಆ ವರ್ಷವಷ್ಟೇ ವರ್ಗವಾಗಿ ಬಂದಿದ್ದ ಗಣಿತ ಶಿಕ್ಷಕರು ಮುಖ್ಯೋಪಾಧ್ಯಾಯರ ಬಳಿ ಹೋಗಿ, ‘ಇವಳಿಗೆ ಹೆಚ್ಚುವರಿ ಸಮಯ ಬರೆಸಿದ್ದೀರಲ್ಲ?’ ಎಂದು ಸಹಜವಾಗಿ ಕೇಳಿದರು. ಬರೆಸಿರಲಿಲ್ಲ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 17ನೆಯ ಪ್ರಕರಣದಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಲಿಪಿಕಾರರ (ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವವರ) ನೆರವು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಇವುಗಳ ಹೆಸರನ್ನೇ ಎತ್ತಿ ಹೇಳಲಾಗಿದೆ. ಕಾಯ್ದೆಯ ಮಾತು ಶಾಲೆಯೊಳಗೆ ಜಾರಿಗೆ ಬರುವುದು ಒಂದು ಅರ್ಜಿಯ ಮೂಲಕ, ಮತ್ತು ಆ ಅರ್ಜಿ ಹೋಗಬೇಕಾದದ್ದು ವಿದ್ಯಾರ್ಥಿಗಳ ನೋಂದಣಿಯ ಹೊತ್ತಿನಲ್ಲಿ. ಇಲ್ಲಿ ಆ ಹೊತ್ತು ಕಳೆದು ತಿಂಗಳುಗಳಾಗಿದ್ದವು.

ಮುಂದಿನ ಮೂರು ವಾರ ಓಡಾಟವೇ ಆಯಿತು. ಮುಖ್ಯೋಪಾಧ್ಯಾಯರು ತಪ್ಪೊಪ್ಪಿಕೊಂಡು ಪತ್ರ ಬರೆದರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಿಫಾರಸು ಮಾಡಿದರು, ಹೆಚ್ಚುವರಿ ಸಮಯ ಮತ್ತು ಲಿಪಿಕಾರರಿಗೆ ಅನುಮತಿ ಸಿಕ್ಕಿತು. ಆದರೆ ತಡವಾಗಿ ಸಿಕ್ಕಿದ್ದು ಪೂರ್ತಿ ಸಿಕ್ಕಂತಲ್ಲ. ಭಾಷಾ ವಿನಾಯಿತಿಯಂತಹ, ವಿಷಯಕ್ಕೆ ಸಂಬಂಧಿಸಿದ ಆಯ್ಕೆಗಳು ನೋಂದಣಿಯೊಂದಿಗೇ ಮುಗಿದುಹೋಗಿದ್ದವು. ಲಿಪಿಕಾರರಾಗಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಒಪ್ಪಿಸಿದ್ದು ಪರೀಕ್ಷೆಯ ಹಿಂದಿನ ಸಂಜೆ. ಅಭ್ಯರ್ಥಿಗೆ ಲಿಪಿಕಾರರನ್ನು ಎರಡು ದಿನ ಮುಂಚೆ ಭೇಟಿಯಾಗಲು ಅವಕಾಶವಿರಬೇಕು ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿದ್ದು ಸುಮ್ಮನೆ ಅಲ್ಲ. ಹೇಳಿ ಬರೆಸುವುದೂ ಒಂದು ವಿದ್ಯೆ, ಅದು ಒಂದು ಸಂಜೆಯಲ್ಲಿ ಬರುವುದಿಲ್ಲ. ಬೀಜಗಣಿತದ ಸಮೀಕರಣವನ್ನು ಬಾಯಲ್ಲಿ ಹೇಳುವುದು ಹೇಗೆಂದು ಇವಳಿಗೂ, ಕೇಳಿ ಬರೆಯುವುದು ಹೇಗೆಂದು ಅವಳಿಗೂ ಯಾರೂ ಕಲಿಸಿರಲಿಲ್ಲ. ಎಸ್‌ಎಸ್‌ಎಲ್‌ಸಿಯ ಮೊದಲ ಪರೀಕ್ಷೆಯಲ್ಲಿ ಹುಡುಗಿ ಗಣಿತ ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ಪಾಸಾದಳು.

ಕಾರಣ ಹುಡುಕಿದ ಸಭೆ

ಏಪ್ರಿಲಿನಲ್ಲಿ ಬಿಆರ್‌ಸಿಯಲ್ಲಿ ಒಂದು ಸಭೆ ಕರೆದೆವು. ಯಾರನ್ನೂ ದಂಡಿಸುವ ಉದ್ದೇಶವಿಲ್ಲ ಎಂದು ಮೊದಲೇ ಹೇಳಿದ್ದರೂ ಎಲ್ಲರೂ ಸಾಕ್ಷಿ ಸಮೇತ ಬಂದಿದ್ದರು. ಕಚೇರಿಯ ವಿಷಯ ನಿರ್ವಾಹಕರು ಸುತ್ತೋಲೆಯನ್ನು ಅದು ಬಂದ ದಿನವೇ ಕಳುಹಿಸಿದ್ದಕ್ಕೆ ಮೊಬೈಲಿನ ಪರದೆ ತೋರಿಸಿದರು. ಸಮೂಹ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಅದನ್ನು ತಮ್ಮ ಕ್ಲಸ್ಟರಿನ (ಹತ್ತಿರದ ಕೆಲವು ಶಾಲೆಗಳ ಸಮೂಹದ) ಗುಂಪಿಗೆ ಮುಂದಕ್ಕೆ ಕಳುಹಿಸಿದ್ದನ್ನು ತೋರಿಸಿದರು. ಮುಖ್ಯೋಪಾಧ್ಯಾಯರ ಇ-ಮೇಲಿಗೆ ಮೂಲ ಪ್ರತಿ ಬಂದಿತ್ತು. ಅದನ್ನು ತೆರೆದವರು ಗುಮಾಸ್ತರು. ಸಂಪನ್ಮೂಲ ಶಿಕ್ಷಕಿಯ ಮೊಬೈಲಿನಲ್ಲಿಯೂ ಸುತ್ತೋಲೆ ಇತ್ತು. ಅದು ಬಂದ ದಿನ ಅವರು ನೆಟ್‌ವರ್ಕ್ ಸಿಗದ ಒಂದು ತಾಂಡಾದಲ್ಲಿ ಮಿದುಳಿನ ಪಾರ್ಶ್ವವಾಯುವಿರುವ ಮಗುವಿನ ಮನೆಯಲ್ಲಿದ್ದರು. ಸಂಜೆ ಬಸ್ಸಿಗೆ ಬರುವ ಹೊತ್ತಿಗೆ ಅದರ ಮೇಲೆ ಜಯಂತಿಯ ಶುಭಾಶಯಗಳು, ನಿವೃತ್ತಿಯ ಬೀಳ್ಕೊಡುಗೆ ಫೋಟೋಗಳು, ತುರ್ತು ಅಂಕಿಅಂಶ ಕೇಳಿದ ನಾಲ್ಕು ಸಂದೇಶಗಳು ಬಂದು ಕೂತಿದ್ದವು. ತುರ್ತಿನವಕ್ಕೆ ಉತ್ತರಿಸಿದರು. ಸುತ್ತೋಲೆಯ ಮೇಲೆ ‘ತುರ್ತು’ ಎಂದು ಇರಲಿಲ್ಲ.

ನಾನು ಆ ಸುತ್ತೋಲೆಯನ್ನು ಅಲ್ಲಿಯೇ ಪೂರ್ತಿ ಓದಿದೆ. ವಿಷಯ, ಉಲ್ಲೇಖ, ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಲ್ಲ ಕ್ರಮಬದ್ಧವಾಗಿತ್ತು. ವಾರೆಯಾಗಿ ಸ್ಕ್ಯಾನ್ ಆಗಿದ್ದ ಹಲವು ಪುಟಗಳ ನಡುವೆ, ನೋಂದಣಿ ಶುಲ್ಕ ಮತ್ತು ಫೋಟೋ ಅಳತೆಯ ವಿವರಗಳ ಕೆಳಗೆ, ವಿಶೇಷ ಅಗತ್ಯವುಳ್ಳ ಅಭ್ಯರ್ಥಿಗಳ ದಾಖಲೆಯನ್ನು ಯಾವಾಗ ಸಲ್ಲಿಸಬೇಕು ಎಂಬ ಸಾಲು ಇತ್ತು. ಮುಖ್ಯೋಪಾಧ್ಯಾಯರಿಗಾಗಿ ಬರೆದ ಸುತ್ತೋಲೆಯಲ್ಲಿ ಸಂಪನ್ಮೂಲ ಶಿಕ್ಷಕರಿಗೆ ಬೇಕಾದ ಸಾಲನ್ನು ಸಂಪನ್ಮೂಲ ಶಿಕ್ಷಕರೇ ಹುಡುಕಿಕೊಳ್ಳಬೇಕಿತ್ತು. ಅಲ್ಲಿದ್ದವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಕೈಯಿಂದ ಸುತ್ತೋಲೆಯನ್ನು ದಾಟಿಸಿದ್ದರು.

ಇಂತಹದು ದೊಡ್ಡ ಪರೀಕ್ಷೆಗಳಲ್ಲಿಯೂ ಆಗಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಬರವಣಿಗೆಯ ತೊಂದರೆಯಿದ್ದ ಒಬ್ಬ ಅಭ್ಯರ್ಥಿಗೆ ಸಲ್ಲಬೇಕಾದ ಹೆಚ್ಚುವರಿ ಒಂದು ಗಂಟೆ ಕೇಂದ್ರದಲ್ಲಿ ಸಿಗದೆಹೋದ ಪ್ರಕರಣ 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮರುಪರೀಕ್ಷೆಗೆ ನ್ಯಾಯಾಲಯ ಒಪ್ಪಲಿಲ್ಲ, ಆದರೆ ಬೇರೆ ಪರಿಹಾರವನ್ನು ಪರಿಶೀಲಿಸುವಂತೆ ಸೂಚಿಸಿತು; ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಈ ನಿಯಮಗಳ ತಿಳಿವಳಿಕೆ ಇರಬೇಕಾದ್ದನ್ನೂ ಎತ್ತಿ ಹೇಳಿತು. ಆ ತೀರ್ಪನ್ನು ಸಭೆಯಲ್ಲಿ ವಿವರಿಸಿದಾಗ ಕಿರಿಯ ಸಂಪನ್ಮೂಲ ಶಿಕ್ಷಕಿ, ‘ನಿಯಮ ಇತ್ತು, ಗೊತ್ತಿರಲಿಲ್ಲ. ನಮ್ಮದೂ ಅದೇ ತಾನೇ ಸರ್’ ಎಂದರು. ಅಂದಿನ ಸಭೆಯಲ್ಲಿ ಆಡಿದ ಮಾತುಗಳಲ್ಲಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಉಳಿದಿರುವುದು ಅದೊಂದೇ.

ಮೊದಲ ಪ್ರಯತ್ನಗಳು

ಹೊಸ ವಾಟ್ಸ್‌ಆ್ಯಪ್ ಗುಂಪು ಮಾಡೋಣ ಎಂದವನು ನಾನೇ. ಶುಭಾಶಯಗಳಿಗೆ ಅವಕಾಶವಿಲ್ಲ, ಸಮನ್ವಯ ಶಿಕ್ಷಣದ ಸುತ್ತೋಲೆಗಳು ಮಾತ್ರ, ಓದಿದವರು ಓದಿದ್ದೇವೆಂದು ತಿಳಿಸಬೇಕು ಎಂಬ ನಿಯಮವನ್ನೂ ನಾನೇ ಹಾಕಿದೆ. ಜೂನಿನಲ್ಲಿ ಗುಂಪು ಶುರುವಾಯಿತು. ಪ್ರತಿ ಸುತ್ತೋಲೆಯ ಕೆಳಗೂ ‘ನೋಟೆಡ್ ಸರ್’, ‘ಓಕೆ ಸರ್’, ಮುಗಿದ ಕೈಗಳ ಚಿತ್ರ. ನೋಡಿದರೆ ತೃಪ್ತಿಯಾಗುವಂತಿತ್ತು. ಜುಲೈ ಸಭೆಯಲ್ಲಿ ಕ್ಷೇತ್ರ ಸಮನ್ವಯಾಧಿಕಾರಿಗಳು, ಯಾವ ಮುನ್ಸೂಚನೆಯೂ ಇಲ್ಲದೆ, ಹಿಂದಿನ ವಾರ ಹಾಕಿದ್ದ ಬೆಂಗಾವಲು ಭತ್ಯೆಯ ಸೂಚನೆಯ ಬಗ್ಗೆ ಒಂದು ಪ್ರಶ್ನೆ ಕೇಳಿದರು: ನಿಮ್ಮ ಕ್ಲಸ್ಟರಿನಲ್ಲಿ ಇದಕ್ಕೆ ಅರ್ಹವಾದ ಮಗು ಯಾವುದು? ಎಲ್ಲರೂ ‘ನೋಟೆಡ್’ ಎಂದಿದ್ದವರೇ. ಇಬ್ಬರನ್ನು ಬಿಟ್ಟರೆ ಉಳಿದವರಿಗೆ ಉತ್ತರ ಹೊಳೆಯಲಿಲ್ಲ. ಆ ಇಬ್ಬರು ಕೂಡ ಸುತ್ತೋಲೆ ಓದಿ ಹೇಳಿದವರಲ್ಲ. ಅವರ ಕ್ಲಸ್ಟರಿನ ಮಗುವಿನ ತಂದೆತಾಯಿ ಹಿಂದಿನ ವರ್ಷ ಬಂದು ಕೇಳಿಹೋಗಿದ್ದರಿಂದ ನೆನಪಿತ್ತು.

ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ಎಣಿಕೆ. ಅಲ್ಲಿಯವರೆಗೆ ನಾವು ‘ಸುತ್ತೋಲೆ ತಲುಪಿತೇ?’ ಎಂದು ಕೇಳುತ್ತಿದ್ದೆವು. ಸಮನ್ವಯಾಧಿಕಾರಿಗಳ ಪ್ರಶ್ನೆಯಲ್ಲಿ ಸುತ್ತೋಲೆಯೇ ಇರಲಿಲ್ಲ, ಮಗುವಿತ್ತು. ಆದರೆ ಅದರ ಅರ್ಥ ನಮಗೆ ಅಂದೇ ಹೊಳೆಯಲಿಲ್ಲ. ಇನ್ನೂ ಎರಡು ಪ್ರಯತ್ನಗಳಲ್ಲಿ ಎಡವಬೇಕಾಯಿತು.

ಎರಡನೆಯದು ಮಾಸಿಕ ಸಭೆಯಲ್ಲಿ ಸುತ್ತೋಲೆ ಓದುವುದು. ಇದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎಸ್‌ಎಟಿಎಸ್ ಮತ್ತು ಯುಡೈಸ್ ಪ್ಲಸ್ ಎಂಬ ಆನ್‌ಲೈನ್ ವ್ಯವಸ್ಥೆಗಳಲ್ಲಿ ಮಕ್ಕಳ ಹಾಗೂ ಶಾಲೆಗಳ ದತ್ತಾಂಶ ತಿದ್ದುವ ಕೆಲಸ ಸಭೆಯನ್ನು ನುಂಗಿತು, ಎರಡು ತಿಂಗಳ ಮೇಲೆ ಓದುವುದು ನಿಂತಿತು.

ಮೂರನೆಯದು ಒಂದು ಪುಟದ ಟಿಪ್ಪಣಿ. ಹಿರಿಯ ಸಂಪನ್ಮೂಲ ಶಿಕ್ಷಕಿ ಪ್ರತಿ ಸುತ್ತೋಲೆಯನ್ನೂ ಓದಿ, ಯಾವ ಮಗುವಿಗೆ, ಯಾವ ದಾಖಲೆ, ಯಾವ ದಿನದೊಳಗೆ, ಯಾರ ಸಹಿ ಎಂಬ ನಾಲ್ಕು ಅಂಶಗಳನ್ನು ಸರಳ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಕಳುಹಿಸತೊಡಗಿದರು. ಇದನ್ನು ಜನ ಓದಿದರು. ಶಾಲೆಗಳ ಕಚೇರಿ ಗೋಡೆಯ ಮೇಲೆ ಅದನ್ನು ಅಂಟಿಸಿದ್ದನ್ನು ನಾನೇ ನೋಡಿದ್ದೇನೆ. ಮುಖ್ಯ ಶಿಕ್ಷಕರು ಅವರಿಗೆ ಫೋನು ಮಾಡಿ ಅನುಮಾನ ಕೇಳಲು ಶುರುಮಾಡಿದರು, ಮತ್ತು ಹಾಗೆ ಕೇಳುವುದೇ ಮಾಹಿತಿ ಒಳಗಿಳಿದಿದೆ ಎಂಬುದಕ್ಕೆ ಗುರುತು. ‘ಓಕೆ ಸರ್’ ಎಂದವರು ಯಾವತ್ತೂ ಅನುಮಾನ ಕೇಳಿದ್ದಿಲ್ಲ.

ಟಿಪ್ಪಣಿಯ ತಪ್ಪು

ಅಕ್ಟೋಬರಿನ ಟಿಪ್ಪಣಿಯಲ್ಲಿ ಒಂದು ಸಾಲು ಹೀಗಿತ್ತು: ‘ಲಿಪಿಕಾರರ ಸೌಲಭ್ಯಕ್ಕೆ ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಕಡ್ಡಾಯ.’ ಕಳುಹಿಸುವ ಮೊದಲು ಅದನ್ನು ನನಗೆ ತೋರಿಸಿದ್ದರು. ಓದಿ ಸರಿಯೆಂದೆ. ಶೇ. 40 ಎಂಬ ಸಂಖ್ಯೆ ನಮ್ಮೆಲ್ಲರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದನ್ನು ಕಂಡಾಗ ಮೂಲವನ್ನು ತೆಗೆದು ನೋಡಬೇಕೆಂದು ಅನಿಸುವುದಿಲ್ಲ.

ತಾಲ್ಲೂಕಿನ ಇನ್ನೊಂದು ಮೂಲೆಯ ಪ್ರೌಢಶಾಲೆಯಲ್ಲಿ ಒಬ್ಬ ಹುಡುಗನಿಗೆ ಕೈಯ ಸ್ನಾಯುಗಳ ತೊಂದರೆಯಿಂದ ಹೆಚ್ಚು ಹೊತ್ತು ಬರೆಯಲಾಗುತ್ತಿರಲಿಲ್ಲ. ಪ್ರಮಾಣಪತ್ರದಲ್ಲಿ ವೈಕಲ್ಯದ ಪ್ರಮಾಣ ಶೇ. 40ಕ್ಕಿಂತ ಕಡಿಮೆಯಿತ್ತು. ಅವನ ತಾಯಿ ಲಿಪಿಕಾರರನ್ನು ಕೇಳಿದಾಗ ಮುಖ್ಯೋಪಾಧ್ಯಾಯರು ಗೋಡೆಯ ಮೇಲಿದ್ದ ನಮ್ಮ ಟಿಪ್ಪಣಿಯನ್ನೇ ತೋರಿಸಿ ಇಲ್ಲವೆಂದರು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆ ಊರಿನ ವಿಆರ್‌ಡಬ್ಲ್ಯು, ಸ್ವತಃ ವಿಕಲಚೇತನರು, ತಾವು ಬರೆದಿದ್ದ ಒಂದು ನೇಮಕಾತಿ ಪರೀಕ್ಷೆಯ ಸಂದರ್ಭದಲ್ಲಿ ಬೇರೆ ಮಾತು ಕೇಳಿದ್ದರು. ಅವರು ಬಿಆರ್‌ಸಿಗೆ ಬಂದು, ‘ನಲವತ್ತರ ಕೆಳಗಿದ್ದರೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ ಮೇಡಂ’ ಎಂದರು.

ಅವರ ಮಾತು ಸರಿಯಾಗಿತ್ತು. 2021ರ ಫೆಬ್ರುವರಿಯಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಲಿಪಿಕಾರರ ಸೌಲಭ್ಯವನ್ನು ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವವರಿಗೆ ಮಾತ್ರ ಸೀಮಿತಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಅದಕ್ಕೆ ಅನುಗುಣವಾಗಿ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಶೇ. 40ಕ್ಕಿಂತ ಕಡಿಮೆ ವೈಕಲ್ಯವಿದ್ದು ಬರೆಯಲು ತೊಂದರೆಯಿರುವವರಿಗಾಗಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತ್ತು. ಬರೆಯಲು ಆಗುವುದಿಲ್ಲವೆಂಬ ವೈದ್ಯಕೀಯ ಪ್ರಮಾಣಪತ್ರ ಅದಕ್ಕೆ ಆಧಾರವಾಗಿತ್ತು. ಆ ಮಾರ್ಗಸೂಚಿ ಶಾಲಾ ಪರೀಕ್ಷೆಗಾಗಿಯೇ ಬರೆದದ್ದಲ್ಲವಾದರೂ, ಅರ್ಜಿಯನ್ನೇ ತೆಗೆದುಕೊಳ್ಳದೆ ತಾಯಿಯನ್ನು ವಾಪಸು ಕಳುಹಿಸುವ ಅಧಿಕಾರ ನಮ್ಮ ಟಿಪ್ಪಣಿಗೆ ಖಂಡಿತ ಇರಲಿಲ್ಲ. ಹುಡುಗನ ವೈದ್ಯಕೀಯ ವರದಿ ತರಿಸಿ, ತೀರ್ಪು, ಮಾರ್ಗಸೂಚಿ ಎರಡನ್ನೂ ಉಲ್ಲೇಖಿಸಿ ಅರ್ಜಿ ಕಳುಹಿಸಲಾಯಿತು. ಅವಧಿ ಮೀರಿರಲಿಲ್ಲವಾದ್ದರಿಂದ ಅನುಮತಿ ದೊರೆಯಿತು.

ಹಿರಿಯ ಶಿಕ್ಷಕಿ ಇದರಿಂದ ಬಹಳ ನೊಂದುಕೊಂಡು ಟಿಪ್ಪಣಿ ಬರೆಯುವುದನ್ನೇ ನಿಲ್ಲಿಸುತ್ತೇನೆಂದರು. ಅದು ನ್ಯಾಯವೇ ಆಗಿತ್ತು. ಮೂರು ಹುದ್ದೆಯ ಕೆಲಸವನ್ನು ಇಬ್ಬರು ಮಾಡುತ್ತಿರುವಾಗ, ರಾತ್ರಿ ಮನೆಯಲ್ಲಿ ಕುಳಿತು ಎಲ್ಲರ ಪರವಾಗಿ ಓದುವ ಹೊಣೆಯನ್ನು ಒಬ್ಬರ ಮೇಲೆ ಹಾಕಿ, ತಪ್ಪಾದರೆ ಅವರ ಹೆಸರು ಹೇಳುವ ಏರ್ಪಾಡನ್ನು ನಾವು ಗೊತ್ತಿಲ್ಲದೆಯೇ ಮಾಡಿಬಿಟ್ಟಿದ್ದೆವು. ಇನ್ನೊಂದು ದೋಷವೂ ಇತ್ತು: ಸುತ್ತೋಲೆ ಅರ್ಥವಾಗದಿದ್ದಾಗ ಓದುಗರಿಗೆ ಕನಿಷ್ಠ ಅರ್ಥವಾಗಲಿಲ್ಲ ಎಂಬ ಅರಿವಿರುತ್ತದೆ, ಸರಳವಾಗಿ ಬರೆದ ತಪ್ಪು ಟಿಪ್ಪಣಿ ಆ ಅರಿವನ್ನೂ ಕಿತ್ತುಕೊಳ್ಳುತ್ತದೆ.

ಟಿಪ್ಪಣಿ ನಿಲ್ಲಲಿಲ್ಲ, ಬದಲಾಯಿತು. ‘ಅರ್ಹರಲ್ಲ’ ಎಂಬ ಪದವನ್ನು ಟಿಪ್ಪಣಿಯಲ್ಲಿ ಬಳಸಬಾರದು, ಯಾರಿಗಾದರೂ ಇಲ್ಲವೆನ್ನುವ ಮೊದಲು ಬಿಆರ್‌ಸಿಗೆ ಕರೆ ಮಾಡಬೇಕು ಎಂದು ತೀರ್ಮಾನಿಸಿದೆವು. ಮೂಲ ಸುತ್ತೋಲೆಯ ಪುಟ ಸಂಖ್ಯೆಯನ್ನು ಪ್ರತಿ ಸಾಲಿನ ಪಕ್ಕ ಬರೆಯಬೇಕೆಂದೂ, ತಿದ್ದುಪಡಿ ಬಂದರೆ ಹಳೆಯ ಟಿಪ್ಪಣಿಯನ್ನು ಗೋಡೆಯಿಂದ ಕಿತ್ತದ್ದನ್ನು ಸಿಆರ್‌ಪಿ ಕಣ್ಣಾರೆ ನೋಡಬೇಕೆಂದೂ ಆಯಿತು. ಬರೆಯುವ ಸರದಿಯನ್ನು ಇಬ್ಬರು ಶಿಕ್ಷಕಿಯರು, ಒಬ್ಬ ಸಿಆರ್‌ಪಿ ಮತ್ತು ನಾನು ಹಂಚಿಕೊಂಡೆವು. ನನ್ನ ಸರದಿ ಬಂದಾಗಲೇ ಆ ಕೆಲಸ ಎಷ್ಟು ಹೊತ್ತು ತಿನ್ನುತ್ತದೆಂದು ನನಗೆ ಗೊತ್ತಾದದ್ದು.

ಮಗುವಾರು ವಹಿ

ಈ ಎಲ್ಲದರ ನಡುವೆ ಕಿರಿಯ ಸಂಪನ್ಮೂಲ ಶಿಕ್ಷಕಿ ಯಾರಿಗೂ ಹೇಳದೆ ಇನ್ನೊಂದು ಕೆಲಸ ಮಾಡಿಕೊಂಡಿದ್ದರು. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಪಟ್ಟಿಯ ಪ್ರತಿ ಮಗುವಿಗೂ ಒಂದು ಪುಟ. ಎಡಗಡೆ ಜೂನಿನಿಂದ ಮಾರ್ಚಿನವರೆಗೆ ತಿಂಗಳುಗಳು. ಬಲಗಡೆ ಆ ಮಗುವಿಗೆ ಆ ತಿಂಗಳು ಆಗಬೇಕಾದದ್ದು: ಶಿಬಿರ, ಭತ್ಯೆಯ ಪಟ್ಟಿ, ತಾತ್ಕಾಲಿಕ ಪ್ರಮಾಣಪತ್ರವಾದರೆ ಅದರ ಅವಧಿ ಮುಗಿಯುವ ದಿನ, ಶ್ರವಣ ಸಾಧನದ ಅಚ್ಚು ಬದಲಿಸುವುದು, ಹತ್ತನೆಯ ತರಗತಿಯಾದರೆ ರಿಯಾಯಿತಿಯ ಅರ್ಜಿ. ಸುತ್ತೋಲೆ ಬಂದಾಗ ಅವರು ಅದನ್ನು ಕಡತಕ್ಕೆ ಸೇರಿಸಿ ಮರೆಯುತ್ತಿರಲಿಲ್ಲ. ಅದು ತಾಕುವ ಮಕ್ಕಳ ಪುಟಗಳನ್ನು ತೆರೆದು ಒಂದೊಂದು ಸಾಲು ಬರೆಯುತ್ತಿದ್ದರು. ಸುತ್ತೋಲೆಗೆ ಮಕ್ಕಳನ್ನು ಹುಡುಕುವ ಬದಲು ಮಗುವಿನ ಪುಟದಲ್ಲಿ ಏನು ಬಾಕಿ ಎಂದು ನೋಡುವುದು ಅವರಿಗೆ ರೂಢಿಯಾಗಿತ್ತು. ಜುಲೈಯಲ್ಲಿ ಸಮನ್ವಯಾಧಿಕಾರಿಗಳು ಕೇಳಿದ ಪ್ರಶ್ನೆಗೆ ಉತ್ತರ ಆ ನೋಟ್‌ಬುಕ್ಕಿನಲ್ಲಿತ್ತು. ಅಂದಿನ ಸಭೆಗೆ ಅವರು ಅದನ್ನು ತಂದಿರಲಿಲ್ಲ, ‘ಅದು ನನ್ನ ಗೀಚುಪುಸ್ತಕ ಸರ್’ ಎಂದು ನಕ್ಕರು.

ಎರಡನೆಯ ವರ್ಷದ ಜೂನಿನಿಂದ ಆ ಗೀಚುಪುಸ್ತಕವೇ ತಾಲ್ಲೂಕಿನ ಮಾದರಿಯಾಯಿತು. ಪ್ರತಿ ಕ್ಲಸ್ಟರಿಗೂ ಒಂದು ವಹಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಒಂದೇ ವಹಿ. ಎಂಟು ಮತ್ತು ಒಂಬತ್ತರ ನಡುವಿನ ಹಳೆಯ ಗೆರೆಗೆ ಅದರಲ್ಲಿ ಜಾಗವಿರಲಿಲ್ಲ. ತಿಂಗಳ ಕೊನೆಯ ಶನಿವಾರದ ಸಭೆಯಲ್ಲಿ ಸುತ್ತೋಲೆ ಓದುವ ಬದಲು, ಯಾವುದಾದರೂ ಮೂರು ಪುಟ ತೆರೆದು ‘ಈ ಮಗುವಿಗೆ ಈ ತಿಂಗಳು ಏನು ಬಾಕಿ, ಯಾಕೆ ಬಾಕಿ’ ಎಂದು ಆಯಾ ಸಿಆರ್‌ಪಿ ಹೇಳುವುದು ಶುರುವಾಯಿತು. ಹೇಳಲು ತಡವರಿಸಿದರೆ ಬೈಗುಳವಿಲ್ಲ, ಎಲ್ಲಿ ತೊಡಕಿದೆಯೆಂದು ಎಲ್ಲರೂ ಸೇರಿ ನೋಡುವುದು. ಈ ಸಭೆ ಯುಡೈಸ್ ಕೆಲಸದ ನಡುವೆಯೂ ಉಳಿಯಿತು. ಮೂರು ಪುಟಕ್ಕೆ ಅರ್ಧ ಗಂಟೆ ಸಾಕು ಎಂಬುದೇ ಅದಕ್ಕೆ ಕಾರಣವಿರಬೇಕು.

ವಹಿಯ ಜೊತೆಗೆ ಹುಟ್ಟಿಕೊಂಡ ಇನ್ನೊಂದು ವಸ್ತುವನ್ನು ನಾವು ಯೋಜಿಸಿರಲಿಲ್ಲ. ಮಗುವಿನ ಪುಟದ ಸಾರವನ್ನು ಒಂದು ಚೀಟಿಯಲ್ಲಿ ಬರೆದು ತಂದೆತಾಯಿಗೆ ಕೊಡೋಣ ಎಂದು ಒಬ್ಬ ಸಿಆರ್‌ಪಿ ತಮ್ಮ ಕ್ಲಸ್ಟರಿನಲ್ಲಿ ಶುರುಮಾಡಿದರು. ಸಿಬ್ಬಂದಿಗೆ ಮಾಹಿತಿ ಮುಟ್ಟಿಸುವ ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಅಷ್ಟಾಗಿ ಗಮನ ಕೊಡಲಿಲ್ಲ. ಆಗಸ್ಟಿನಲ್ಲಿ ಕೂಲಿ ಕೆಲಸದ ಒಬ್ಬ ತಾಯಿ ಚೀಟಿ ಹಿಡಿದುಕೊಂಡು ಶಾಲೆಗೆ ಬಂದು, ‘ಇದರಾಗ ಈ ತಿಂಗಳ ಕ್ಯಾಂಪ್ ಐತಿ ಅಂತ ಬರದೈತಿ, ಯಾವತ್ತು ಐತಿ ಹೇಳ್ರಿ’ ಎಂದು ಕೇಳಿದರು. ಮುಖ್ಯ ಶಿಕ್ಷಕರಿಗೆ ಗೊತ್ತಿರಲಿಲ್ಲ. ಅವರು ಸಿಆರ್‌ಪಿಗೆ ಫೋನು ಮಾಡಿದರು, ಸಿಆರ್‌ಪಿ ಬಿಆರ್‌ಸಿಗೆ ಮಾಡಿದರು. ಶಿಬಿರದ ದಿನಾಂಕ ಬದಲಾದದ್ದು ಆ ಕ್ಲಸ್ಟರಿನ ಯಾರಿಗೂ ಮುಟ್ಟಿರಲಿಲ್ಲವೆಂದು ಆಗ ತಿಳಿಯಿತು. ಮೇಲಿನಿಂದ ಕೆಳಗೆ ಇಳಿಯಬೇಕಿದ್ದ ಮಾಹಿತಿಯಲ್ಲಿ ಎಲ್ಲಿ ತೂತು ಬಿದ್ದಿದೆಯೆಂಬುದನ್ನು ಕೆಳಗಿನಿಂದ ಬಂದ ಒಂದು ಪ್ರಶ್ನೆ ತೋರಿಸಿಕೊಟ್ಟಿತು. ಮುಂದೆ ಎಲ್ಲ ಕ್ಲಸ್ಟರುಗಳಲ್ಲಿಯೂ ಚೀಟಿ ಬಂತು.

ಆದದ್ದು ಮತ್ತು ಆಗದೆ ಉಳಿದದ್ದು

ಎರಡನೆಯ ವರ್ಷ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳ ಹತ್ತನೆಯ ತರಗತಿಯಲ್ಲಿ ವಹಿಗೆ ಸೇರಿದ್ದ ಎಲ್ಲ ಮಕ್ಕಳ ಅರ್ಜಿಯೂ ನೋಂದಣಿಯ ಜೊತೆಗೇ ಹೋಯಿತು. ಲಿಪಿಕಾರರು ಬೇಕಿದ್ದವರಿಗೆ ಡಿಸೆಂಬರಿನಲ್ಲಿಯೇ ಜೊತೆ ಮಾಡಿ, ಕಿರುಪರೀಕ್ಷೆಗಳನ್ನು ಅವರ ಕೈಯಲ್ಲಿ ಬರೆಸಲಾಯಿತು. ಈ ಪ್ರಕರಣದಿಂದ ಬೇರೆ ತಾಲ್ಲೂಕಿನವರು ಒಂದನ್ನೇ ತೆಗೆದುಕೊಳ್ಳುವುದಾದರೆ ಈ ಅಭ್ಯಾಸವನ್ನು ತೆಗೆದುಕೊಳ್ಳಲಿ ಎಂದು ನನಗೆ ಅನಿಸುತ್ತದೆ, ಏಕೆಂದರೆ ಅದಕ್ಕೆ ಯಾವ ವಹಿಯೂ ಬೇಕಾಗಿಲ್ಲ.

ವಹಿ ಎಲ್ಲ ಕಡೆಯೂ ಒಂದೇ ರೀತಿ ನಡೆಯಿತೆಂದು ಹೇಳಲಾರೆ. ಒಂದು ಕ್ಲಸ್ಟರಿನ ವಹಿ ಅತ್ಯಂತ ಅಚ್ಚುಕಟ್ಟಾಗಿತ್ತು; ಎಲ್ಲ ಪುಟಗಳಲ್ಲಿ, ಎಲ್ಲ ತಿಂಗಳುಗಳಲ್ಲಿ ಸರಿಗುರುತು. ನವೆಂಬರಿನ ಸಭೆಯಲ್ಲಿ ಅದರ ಒಂದು ಪುಟ ತೆರೆದಾಗ ಆ ಮಗುವಿಗೆ ಪ್ರತಿ ವಾರ ಫಿಸಿಯೋಥೆರಪಿ ಆಗಿದೆಯೆಂದಿತ್ತು. ಆ ಕುಟುಂಬ ದಸರೆ ಮುಗಿಯುತ್ತಿದ್ದಂತೆ ಗುಳೆ ಹೋಗಿದ್ದು ಕಿರಿಯ ಸಂಪನ್ಮೂಲ ಶಿಕ್ಷಕಿಗೆ ಗೊತ್ತಿತ್ತು, ಏಕೆಂದರೆ ಬೀಗ ಹಾಕಿದ ಮನೆಯ ಮುಂದೆ ಅವರು ಎರಡು ಸಲ ಹೋಗಿ ವಾಪಸಾಗಿದ್ದರು. ಸಿಆರ್‌ಪಿ ತಲೆ ತಗ್ಗಿಸಿದರು. ಅವರೊಬ್ಬರನ್ನೇ ದೂರಲು ನನಗೆ ಮನಸ್ಸಾಗಲಿಲ್ಲ. ವಹಿಗಳನ್ನು ತಪಾಸಣೆಗೆ ತರಬೇಕು ಎಂದು ಆ ತಿಂಗಳು ಕಚೇರಿಯಿಂದ ಒಂದು ಜ್ಞಾಪನ ಹೋಗಿತ್ತು. ಸಿಬ್ಬಂದಿ ತಮಗಾಗಿ ಬರೆದುಕೊಳ್ಳುತ್ತಿದ್ದ ಪುಸ್ತಕ ಆ ಜ್ಞಾಪನದೊಂದಿಗೆ ಅಧಿಕಾರಿಗಳಿಗೆ ತೋರಿಸುವ ಪುಸ್ತಕವಾಗಿಬಿಟ್ಟಿತ್ತು, ಮತ್ತು ತೋರಿಸುವ ಪುಸ್ತಕದಲ್ಲಿ ಖಾಲಿ ಜಾಗ ಬಿಡಲು ಯಾರಿಗೂ ಧೈರ್ಯವಿರುವುದಿಲ್ಲ. ತಪಾಸಣೆಯ ಜ್ಞಾಪನವನ್ನು ಹಿಂಪಡೆಯಲಾಯಿತು. ಅನಂತರ ಪುಟಗಳಲ್ಲಿ ‘ಆಗಿಲ್ಲ’ ಎಂಬ ಬರಹ ಮತ್ತೆ ಕಾಣಿಸಿಕೊಂಡಿತು. ವಹಿಯ ಆರೋಗ್ಯವನ್ನು ನಾನು ಅಳೆಯುವುದು ಈಗ ಅದರಿಂದಲೇ: ‘ಆಗಿಲ್ಲ’ ಎಂಬುದು ಒಂದೂ ಇಲ್ಲದ ವಹಿಯನ್ನು ಕಂಡರೆ ಮೊದಲು ಆ ಊರಿಗೆ ಹೋಗುತ್ತೇನೆ.

ಗೃಹಾಧಾರಿತ ಶಿಕ್ಷಣದ ಮಕ್ಕಳ ಪುಟಗಳು ಉಳಿದವುಗಳಿಗಿಂತ ಬಡವಾಗಿಯೇ ಉಳಿದವು. ಅವರ ಬಗ್ಗೆ ಶಾಲೆಗೆ ಬಂದು ಕೇಳುವವರು ಕಡಿಮೆ. ಅವರ ತಾಯಂದಿರು ಮಗುವನ್ನು ಬಿಟ್ಟು ಮನೆಯಿಂದ ಹೊರಡಲಾರರು, ಹಾಗಾಗಿ ಚೀಟಿ ಕೊಟ್ಟರೂ ಅದು ಪ್ರಶ್ನೆಯಾಗಿ ತಿರುಗಿ ಬರಲಿಲ್ಲ. ಫೋನು ಮಾಡಿ ಕೇಳಬಹುದೆಂದು ಚೀಟಿಯ ಮೇಲೆ ಬಿಆರ್‌ಸಿಯ ಸಂಖ್ಯೆ ಬರೆದೆವು, ಬಂದ ಕರೆಗಳು ಬೆರಳೆಣಿಕೆಯಷ್ಟು. ಅನುದಾನಿತ ಪ್ರೌಢಶಾಲೆಗಳನ್ನು ವಹಿಯೊಳಗೆ ತರುವುದೂ ಆಗಲಿಲ್ಲ.

ಅಲ್ಪದೃಷ್ಟಿಯ ಆ ಹುಡುಗಿ, ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಆಗಲೇ ಜಾರಿಯಲ್ಲಿದ್ದುದರಿಂದ, ಅದೇ ಬೇಸಿಗೆಯಲ್ಲಿ ಎರಡನೆಯ ಪರೀಕ್ಷೆಗೆ ಗಣಿತ ಕಟ್ಟಿದಳು. ಒಂಬತ್ತನೆಯ ತರಗತಿಯ ಅದೇ ಹುಡುಗಿಯನ್ನು ರಜೆಯಲ್ಲಿ ದಿನಾ ಸಂಜೆ ಮನೆಗೆ ಕರೆಸಿಕೊಂಡು, ಸಮೀಕರಣಗಳನ್ನು ಹೇಗೆ ಹೇಳಬೇಕು, ಆವರಣ ಚಿಹ್ನೆಯನ್ನು ಎಲ್ಲಿ ತೆರೆದು ಎಲ್ಲಿ ಮುಚ್ಚಬೇಕು ಎಂದು ಇಬ್ಬರೂ ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. ಪಾಸಾದಳು. ಡಿಸೆಂಬರಿನಲ್ಲಿ ಲಿಪಿಕಾರರ ಅಭ್ಯಾಸ ಶುರುಮಾ​ಡುವಾಗ ಕಿರಿಯ ಸಂಪನ್ಮೂಲ ಶಿಕ್ಷಕಿ ಮೊದಲ ದಿನದ ಪಾಠ ಹೇಳಲು ಕರೆದದ್ದು ಆ ಇಬ್ಬರನ್ನೇ.